ಮಿಂಚಿನ ಓಟ: ನೋಡಿದವರು ಹೇಳಿದ್ದು

ಮಲ್ಲಂದೂರಿನಲ್ಲಿ ಜುಲೈ ತಿಂಗಳ ಸಂಜೆ ಮಾಡುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟು ಹೋದರೆ ಬರುವುದಿಲ್ಲ. ಕಳೆದ ವರ್ಷ ನಾವು ಹತ್ತು ಹನ್ನೆರಡು ಜನ ಸೇರಿ, ನೆಂಟರೊಬ್ಬರ ತೋಟದ ಗೋದಾಮಿನಲ್ಲಿ ಭಾನುವಾರಕ್ಕೊಂದು ಸಿನಿಮಾ ನೋಡುವ ರೂಢಿ ಮಾಡಿಕೊಂಡೆವು. ಖಾಲಿ ಚೀಲಗಳ ಮೇಲೆ ಕೂರುವುದು, ಗೋಡೆಗೆ ಬಿಳಿ ಪಂಚೆ ಕಟ್ಟುವುದು, ಕರೆಂಟು ಹೋದರೆ ಜನರೇಟರ್ ಹಾಕುವುದು. ನೋಡಿದ ಮೇಲೆ ಜಗಳ ಆಡುವುದು ಕಡ್ಡಾಯ.

ರಜೆಗೆ ಬಂದಿದ್ದ ಎಂಜಿನಿಯರಿಂಗ್ ಹುಡುಗನೊಬ್ಬ ‘ಜೈಲು ಆ್ಯಕ್ಷನ್ ಸಿನಿಮಾ ಹಾಕೋಣ’ ಎಂದು ಹಟ ಹಿಡಿದ. ಸರಿ, ಯಾರೂ ಹೆಚ್ಚು ಮಾತಾಡದ ಎರಡು ಚಿತ್ರಗಳನ್ನು ಆರಿಸಿದೆವು. ಮೊದಲ ಭಾನುವಾರ 1985ರ ‘ರನ್‌ಅವೇ ಟ್ರೇನ್’. ಎರಡನೆಯ ಭಾನುವಾರ ನಮ್ಮದೇ ‘ಮಿಂಚಿನ ಓಟ’, 1980ರದ್ದು. ಎರಡೂ ಜೈಲಿನಿಂದ ತಪ್ಪಿಸಿಕೊಂಡವರ ಕಥೆ. ಎರಡರ ಹೆಸರಿನಲ್ಲೂ ಓಟವಿದೆ.

‘ಮಿಂಚಿನ ಓಟ’ ಮುಗಿದು ದೀಪ ಹಾಕಿದಾಗ ಬಂದ ಮೊದಲ ಮಾತು ಆ ಹುಡುಗನದ್ದೇ. ‘ಇದರಲ್ಲಿ ಫೈಟೇ ಇಲ್ಲವಲ್ಲ? ಶಂಕರ್‌ನಾಗ್ ಇದ್ದೂ?’

ಅವನ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಆ ಚಿತ್ರಕ್ಕೆ ಏನಾಯಿತು ಎನ್ನುವುದೆಲ್ಲ ಅದರೊಳಗೇ ಇದೆ. ‘ಮಿಂಚಿನ ಓಟ’ ಶಂಕರ್‌ನಾಗ್ ನಿರ್ದೇಶಿಸಿದ ಮೊದಲ ಚಿತ್ರ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅಣ್ಣ ಅನಂತ್‌ನಾಗ್ ಜೊತೆ ಸೇರಿ ನಿರ್ಮಿಸಿ, ಇಬ್ಬರೂ ಅದರಲ್ಲಿ ನಟಿಸಿದರು. ಕಾರು ಕದಿಯುವವರ ಕಥೆ. ಅವರೊಡನೆ ಲೋಕನಾಥ್ ಮಾಡಿದ ಮುದುಕನ ಪಾತ್ರ. ಅದೇ ವರ್ಷ ‘ಆಟೋ ರಾಜ’ ಕೂಡ ಬಂತು. ಇವತ್ತಿಗೂ ಚಿಕ್ಕಮಗಳೂರಿನ ಸ್ಟ್ಯಾಂಡಿನಲ್ಲಿ ನಿಂತರೆ ಆಟೋಗಳ ಹಿಂದೆ ಕಾಣುವ ಶಂಕರ್‌ನಾಗ್ ಆ ಎರಡನೆಯ ಚಿತ್ರದವರು. ಆಟೋ ಓಡಿಸಿದ ಶಂಕರಣ್ಣನನ್ನು ನಾಡು ಇಟ್ಟುಕೊಂಡಿತು, ಕಾರು ಕದ್ದವನನ್ನು ಮರೆಯಿತು. 1988ರಲ್ಲಿ ‘ಸಾಂಗ್ಲಿಯಾನ’ ಬಂದ ಮೇಲಂತೂ ಅವರು ಪೊಲೀಸ್ ಸಮವಸ್ತ್ರದಲ್ಲೇ ನೆನಪಾಗತೊಡಗಿದರು. ಹುಡುಗ ಫೈಟು ಕೇಳಿದ್ದು ಆ ಶಂಕರ್‌ನಾಗ್ ಅವರನ್ನು.

‘ಆದರೆ ಇದಕ್ಕೆ ರಾಜ್ಯ ಪ್ರಶಸ್ತಿಗಳು ಬಂದಿವೆ, ಅನಂತ್‌ನಾಗ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿದ್ದು ಇದಕ್ಕೇ. ಹಾಗಿರುವಾಗ ಕಡೆಗಣಿಸಿದ ಚಿತ್ರ ಅನ್ನುವುದು ಹೇಗೆ?’ ಎಂದು ಕೇಳಿದವರು ನಿವೃತ್ತ ಮೇಷ್ಟ್ರು. ಒಳ್ಳೆಯ ಆಕ್ಷೇಪ. ಕಡೆಗಣನೆಯಲ್ಲಿ ಎರಡು ಬಗೆ. ಬಂದಾಗಲೇ ಯಾರೂ ನೋಡದ ಚಿತ್ರ ಒಂದು. ನೋಡಿ, ಹೊಗಳಿ, ಪಟ್ಟಿಗೆ ಸೇರಿಸಿ, ಆಮೇಲೆ ಪಟ್ಟಿಯಲ್ಲಿ ಮಾತ್ರ ಉಳಿಸಿಕೊಂಡ ಚಿತ್ರ ಇನ್ನೊಂದು. ‘ಮಿಂಚಿನ ಓಟ’ದ ಹೆಸರು ಹೇಳುವವರು ಬೇಕಾದಷ್ಟು ಸಿಗುತ್ತಾರೆ. ಅದರಲ್ಲಿ ಇಷ್ಟವಾದ ಒಂದು ದೃಶ್ಯ ಹೇಳಿ ಎಂದರೆ ಹೆಚ್ಚಿನವರು ‘ಚಿಕ್ಕವನಿದ್ದಾಗ ನೋಡಿದ್ದು’ ಎಂದು ಜಾರಿಕೊಳ್ಳುತ್ತಾರೆ. ಆ ಸಂಜೆಯವರೆಗೆ ನಾನೂ ಅವರಲ್ಲೊಬ್ಬ.

ಮೇಷ್ಟ್ರ ಕಣ್ಣು ಇದ್ದದ್ದು ಲೋಕನಾಥ್ ಮೇಲೆ. ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಉಪ್ಪಿನಕಾಯಿ ಚಪ್ಪರಿಸಿದ ಲೋಕನಾಥ್ ಅವರನ್ನು ಕನ್ನಡಿಗರು ಯಾರೂ ಮರೆತಿಲ್ಲ. ನಮ್ಮ ಜಿಲ್ಲೆಯವರಿಗೆ ಅದು ಮನೆಯ ನೆನಪು. ಆ ಚಿತ್ರ ತಯಾರಾದದ್ದು ಇಲ್ಲೇ ಕಳಸಾಪುರದ ಕಡೆ. ‘ಆ ನಾಲಿಗೆಯ ಮನುಷ್ಯನನ್ನು ಜೈಲಿಗೆ ಹಾಕಿದ್ದಾರೆ ನೋಡಿ’ ಎಂದರು ಮೇಷ್ಟ್ರು. ಅವರು ತಮಾಷೆಗೆ ಹೇಳಿದ್ದರೂ ನನಗೆ ಅದು ವಿಮರ್ಶೆಯಂತೆಯೇ ಕೇಳಿತು. ಜೈಲು ಆ್ಯಕ್ಷನ್ ಚಿತ್ರಗಳಲ್ಲಿ ಸಾಮಾನ್ಯವಾಗಿ ಎಲ್ಲರೂ ಗಟ್ಟಿಮುಟ್ಟಾದ ಗಂಡಸರು. ಅಲ್ಲಿ ಒಬ್ಬ ಮುದುಕನನ್ನು ಇಟ್ಟ ಕೂಡಲೇ ಓಟದ ಅರ್ಥ ಬದಲಾಗುತ್ತದೆ. ಯಾರು ಎಷ್ಟು ಜೋರಾಗಿ ಓಡುತ್ತಾರೆ ಎನ್ನುವುದು ಹಿಂದೆ ಸರಿದು, ಯಾರಿಗಾಗಿ ಯಾರು ನಿಲ್ಲುತ್ತಾರೆ ಎನ್ನುವುದು ಮುಂದೆ ಬರುತ್ತದೆ.

ಇದೇ ಅಳತೆಯಲ್ಲಿ ‘ರನ್‌ಅವೇ ಟ್ರೇನ್’ ಇನ್ನೊಂದು ತುದಿಯಲ್ಲಿ ನಿಲ್ಲುತ್ತದೆ. ಅದರ ಮೂಲ ಚಿತ್ರಕಥೆ ಜಪಾನಿನ ಅಕಿರ ಕುರೊಸಾವಾ ಅವರದ್ದು. 1960ರ ದಶಕದಲ್ಲಿ ಅವರು ಅಮೆರಿಕದಲ್ಲಿ ತೆಗೆಯಬೇಕೆಂದು ಬರೆದದ್ದು, ಆಗಲಿಲ್ಲ. ಮುಂದೆ ರಷ್ಯಾದ ಆಂದ್ರೇ ಕೊಂಚಲೋವ್‌ಸ್ಕಿ ಅದನ್ನು ತೆಗೆದರು. ಅಲಾಸ್ಕದ ಜೈಲು. ಮ್ಯಾನಿ ಎಂಬ ಕೈದಿಯ ಕೋಣೆಯ ಬಾಗಿಲನ್ನು ಮೂರು ವರ್ಷ ವೆಲ್ಡಿಂಗ್ ಮಾಡಿ ಮುಚ್ಚಿರುತ್ತಾರೆ. ಹೊರಗೆ ಬಂದವನು ಬಕ್ ಎಂಬ ಹುಡುಗನ ಜೊತೆ ಚರಂಡಿಯೊಳಗಿಂದ ತಪ್ಪಿಸಿಕೊಂಡು ರೈಲು ಎಂಜಿನ್ ಹತ್ತುತ್ತಾನೆ. ಚಾಲಕ ಹೃದಯಾಘಾತದಿಂದ ಸಾಯುತ್ತಾನೆ, ಬ್ರೇಕುಗಳು ಸುಟ್ಟುಹೋಗುತ್ತವೆ, ರೈಲು ನಿಲ್ಲುವುದಿಲ್ಲ. ಇಷ್ಟಾದರೂ ಆ ಚಿತ್ರದ ಅತಿ ಬಿರುಸಿನ ಕ್ಷಣ ಓಡುವ ಎಂಜಿನ್ನಿನೊಳಗೆ ಆಡುವ ಬರೀ ಮಾತು. ಹೊರಗೆ ಹೋಗಿ ಹಣ ಮಾಡುತ್ತೇನೆ ಎಂದು ಕನಸು ಕಾಣುವ ಬಕ್‌ಗೆ ಮ್ಯಾನಿ ಬೈಯುತ್ತಾನೆ: ನಿನಗೆ ಸಿಗುವುದು ನೆಲ ಒರೆಸುವ ಕೆಲಸ, ಯಜಮಾನ ಬಂದು ಕಲೆ ತೋರಿಸಿದರೆ ಮತ್ತೆ ಒರೆಸುತ್ತೀಯ, ತಲೆ ಎತ್ತಿ ನೋಡದೆ ಸಂಬಳ ತೆಗೆದುಕೊಳ್ಳುತ್ತೀಯ. ಅಷ್ಟು ಮಾಡಲು ನಿನಗೆ ಆದರೆ ನೀನು ಏನು ಬೇಕಾದರೂ ಆಗಬಹುದು. ‘ನಿನಗೆ ಅದು ಆಗುತ್ತಾ?’ ಎಂದು ಹುಡುಗ ತಿರುಗಿ ಕೇಳಿದಾಗ ಮ್ಯಾನಿಗೆ ‘ಆಗಿದ್ದರೆ ಚೆನ್ನಾಗಿತ್ತು’ ಎಂದು ಹೇಳದೆ ಗತ್ಯಂತರವಿಲ್ಲ.

ಆ ಮಾತಿಗೆ ಕಸುವು ಬಂದದ್ದು ಸುಮ್ಮನೆ ಅಲ್ಲ. ಚಿತ್ರಕಥೆಗೆ ಕೈ ಹಾಕಿದವರಲ್ಲಿ ಎಡ್ವರ್ಡ್ ಬಂಕರ್ ಒಬ್ಬರು; ಸ್ವತಃ ಜೈಲುವಾಸ ಮಾಡಿ, ಅಲ್ಲೇ ಬರೆಯಲು ಕಲಿತವರು. ಚಿತ್ರಕ್ಕೆ ಮೂರು ಆಸ್ಕರ್ ನಾಮನಿರ್ದೇಶನ ಬಂದರೂ ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಹೀಗೆ ಹೊಗಳಿಸಿಕೊಂಡು ಮರೆಯಾಗುವುದು ಕನ್ನಡಕ್ಕೆ ಮಾತ್ರ ಬಂದ ಕಾಯಿಲೆಯಲ್ಲ.

ಕೊನೆಯಲ್ಲಿ ಮ್ಯಾನಿ ತನ್ನ ಎಂಜಿನ್ನನ್ನು ಉಳಿದವುಗಳಿಂದ ಕಳಚಿ, ಬಕ್‌ನನ್ನೂ ರೈಲಿನಲ್ಲಿದ್ದ ಸಾರಾ ಎಂಬ ಕೆಲಸಗಾರ್ತಿಯನ್ನೂ ಉಳಿಸಿ, ತಾನು ಮಂಜಿನಲ್ಲಿ ಎಂಜಿನ್ನಿನ ನೆತ್ತಿಯ ಮೇಲೆ ಒಬ್ಬನೇ ನಿಲ್ಲುತ್ತಾನೆ. ನಮ್ಮ ಗೋದಾಮಿನಲ್ಲಿ ಚಪ್ಪಾಳೆ ಬಿತ್ತು. ‘ಮಿಂಚಿನ ಓಟ’ಕ್ಕೆ ಬೀಳಲಿಲ್ಲ. ಅದು ಒಬ್ಬನನ್ನು ನೆತ್ತಿಯ ಮೇಲೆ ನಿಲ್ಲಿಸುವ ಚಿತ್ರವೇ ಅಲ್ಲ.

ಕನ್ನಡ ಎಂ.ಎ. ಓದುತ್ತಿದ್ದ ಹುಡುಗಿಯೊಬ್ಬಳ ದೂರು ಬೇರೆ ಇತ್ತು. ‘ಅಮೆರಿಕದ ಚಿತ್ರದಲ್ಲಿ ಸಾರಾ ಜೈಲಿಗೇ ಸೇರಿದವಳಲ್ಲ, ಆದರೂ ಮ್ಯಾನಿಯ ಮುಖಕ್ಕೆ ಹೇಳಬೇಕಾದದ್ದನ್ನು ಹೇಳುತ್ತಾಳೆ. ನಮ್ಮ ಚಿತ್ರದಲ್ಲಿ ಪ್ರಿಯಾ ತೆಂಡೂಲ್ಕರ್ ಇದ್ದಾರೆ, ಎಂಥ ನಟಿ, ಆದರೆ ಗಂಡಸರ ಸ್ನೇಹದ ಪಕ್ಕದಲ್ಲಿ ಅವರಿಗೆ ಸಿಕ್ಕ ಜಾಗ ಎಷ್ಟು?’ ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಐದು ವರ್ಷ ಕಳೆದು ದೂರದರ್ಶನದಲ್ಲಿ ‘ರಜನಿ’ಯಾಗಿ ಅಧಿಕಾರಿಗಳನ್ನೇ ನಡುಗಿಸಿದ ನಟಿ ಅವರು. ಇಲ್ಲಿ ಅವರಿಂದ ಇನ್ನಷ್ಟು ತೆಗೆಯಬಹುದಿತ್ತು. ಮರೆತ ಚಿತ್ರವನ್ನು ಎತ್ತಿ ಹಿಡಿಯುವ ಉತ್ಸಾಹದಲ್ಲಿ ಅದರ ಕೊರತೆಯನ್ನು ಮುಚ್ಚಿಟ್ಟರೆ ಅದಕ್ಕೆ ಇನ್ನೊಂದು ಬಗೆಯ ಅನ್ಯಾಯ ಮಾಡಿದಂತೆ.

ನಾನು ನನ್ನ ಸಿದ್ಧಾಂತವನ್ನೂ ಮುಂದಿಟ್ಟೆ. 1980ರ ಪ್ರೇಕ್ಷಕನಿಗೆ ಜೈಲು ಎಂದರೆ ಬರೀ ಕಳ್ಳರ ಜಾಗವಾಗಿರಲಿಲ್ಲ. ತುರ್ತು ಪರಿಸ್ಥಿತಿ ಮುಗಿದು ಮೂರೇ ವರ್ಷ. ‘ಸಂಸ್ಕಾರ’ದ ಚಂದ್ರಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡಿದ್ದರು. ಇನ್ನು ನಮ್ಮ ಚಿಕ್ಕಮಗಳೂರು 1978ರ ನವೆಂಬರಿನಲ್ಲಿ ಗೆಲ್ಲಿಸಿ ಕಳಿಸಿದ ಇಂದಿರಾ ಗಾಂಧಿಯವರನ್ನು ಮರುತಿಂಗಳೇ ಲೋಕಸಭೆ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತ್ತು. ಜನರನ್ನು ಒಳಗೆ ಹಾಕಿದವರೂ ಒಳಗೆ ಹೋಗಿ ಬಂದ ಕಾಲ. ಅಂಥ ಹೊತ್ತಿನಲ್ಲಿ ಕಳ್ಳರನ್ನು ಮನುಷ್ಯರಂತೆ ತೋರಿಸಿದ ಚಿತ್ರವನ್ನು ಜನ ಬೇರೆ ಕಣ್ಣಿನಿಂದ ನೋಡಿರಬೇಕು, ಎಂದೆ.

ಮೇಷ್ಟ್ರು ತಲೆದೂಗಿದರು. ಆಗ ಬಾಗಿಲ ಬಳಿ ಕೂತಿದ್ದ ಪಿಕಪ್ ಡ್ರೈವರ್ ಬಾಯಿಬಿಟ್ಟರು. ಐವತ್ತು ದಾಟಿದವರು, ಎರಡು ಭಾನುವಾರವೂ ಒಂದು ಮಾತಾಡಿರಲಿಲ್ಲ.

‘ನಾನು ಹನ್ನೊಂದು ದಿನ ಒಳಗಿದ್ದೆ.’

ಯಾವುದೋ ಹಳೆಯ ಬೇಲಿ ಜಗಳ. ಜಾಮೀನಿಗೆ ನಿಲ್ಲುವವರು ಸಿಗಲಿಲ್ಲ. ಆಮೇಲೆ ಕೇಸು ಬಿದ್ದುಹೋಯಿತು. ಅಷ್ಟನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ‘ಏಟು ಒದೆ ಏನಿಲ್ಲ ಸಾರ್. ಹೊತ್ತು ಹೋಗಲ್ಲ, ಅಷ್ಟೇ. ಆ ಅಮೆರಿಕದವನು ರೈಲು ಹತ್ತಿದ, ಚಂದ ಇತ್ತು. ಆದರೆ ಗೋಡೆ ಹಾರೋದು ದೊಡ್ಡದಲ್ಲ. ಹಾರಿ ಬಂದ ಮೇಲೆ ಯಾರ ಮನೆ ಬಾಗಿಲು ತಟ್ಟೋದು? ನಾನು ಬಿಡುಗಡೆ ಆಗಿಯೇ ಬಂದವನು. ಆದರೂ ಮಲ್ಲಂದೂರು ಬಸ್ ಹತ್ತಲು ಕಾಲು ಬರಲಿಲ್ಲ. ರಾತ್ರಿ ಕೊನೇ ಬಸ್ಸಿಗೆ ಬಂದೆ, ಯಾರಿಗೂ ಮುಖ ಕಾಣಬಾರದು ಅಂತ. ಈ ಮೂವರು ಓಡುವಾಗ ನನಗೆ ಅದೇ ನೆನಪಾಗ್ತಿತ್ತು. ಓಡ್ತಾರೆ, ಎಲ್ಲಿಗೆ?’

ಹುಡುಗ ಏನೋ ಹೇಳಲು ಹೋಗಿ ಸುಮ್ಮನಾದ.

ನಾನು ಜೈಲಿನ ಸಿನಿಮಾಗಳನ್ನು ಇಷ್ಟು ದಿನ ಗೋಡೆಯ ಎತ್ತರದಿಂದ ಅಳೆಯುತ್ತಿದ್ದೆ. ಹೊರಬರುವುದು ಎಷ್ಟು ಕಷ್ಟವಾದರೆ ಅಷ್ಟು ರೋಚಕ, ಅಷ್ಟು ಒಳ್ಳೆಯ ಚಿತ್ರ. ಹುಡುಗನ ಫೈಟಿನ ಬೇಡಿಕೆಯನ್ನು ಕಂಡು ಒಳಗೊಳಗೇ ನಕ್ಕಿದ್ದ ನನ್ನ ಅಳತೆಗೋಲೂ ಅವನದಕ್ಕಿಂತ ತೀರ ಬೇರೆಯಾಗಿರಲಿಲ್ಲ. ತುರ್ತು ಪರಿಸ್ಥಿತಿಯ ನನ್ನ ಸಿದ್ಧಾಂತವಂತೂ ಚಿತ್ರದ ಹೊರಗಿನದ್ದು. ಡ್ರೈವರ್ ಚಿತ್ರದ ಒಳಗೆ ಕೂತು ನೋಡಿದ್ದರು. ಗೋಡೆಯ ಈಚೆಗೂ ಜೈಲು ಇರುತ್ತದೆ, ಗುರುತು ಹಿಡಿಯುವ ಊರು, ತೆರೆಯದ ಬಾಗಿಲು ಎಲ್ಲ ಸೇರಿ. ಶಂಕರ್‌ನಾಗ್ ತಮ್ಮ ಕಳ್ಳರನ್ನು ಓಡಿಸುವುದು ಆ ಬಯಲಿಗೆ. ಅಲ್ಲಿ ಗೆಲ್ಲಲು ಮುಷ್ಟಿ ಸಾಲದು. ಚಿತ್ರದಲ್ಲಿ ಫೈಟು ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹಾಗೆ ನೋಡಿದರೆ ಡ್ರೈವರ್, ನಾನಲ್ಲ.

ಚಿತ್ರದ ಬೆಲೆ ತಿಳಿಯಲು ಜೈಲಿಗೆ ಹೋಗಿ ಬರಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ನಡುವೆ ಕೂತು ನೋಡುವವರಲ್ಲಿ ಯಾರು ಏನು ಹೊತ್ತುಕೊಂಡು ಬಂದಿದ್ದಾರೆ ಎಂದು ನಮಗೆ ಗೊತ್ತಿರುವುದಿಲ್ಲ. ಒಂದು ಚಿತ್ರ ನಲವತ್ತೈದು ವರ್ಷ ಕಳೆದ ಮೇಲೂ ಅಂಥವರೊಬ್ಬರ ಬಾಯಿ ತೆರೆಸಿತು. ಪ್ರಶಸ್ತಿಗಳ ಪಟ್ಟಿಗಿಂತ ನಾನು ಇದನ್ನು ನಂಬುತ್ತೇನೆ.

ಹೊರಡುವ ಹೊತ್ತಿಗೆ ಮುಂದಿನ ವಾರ ಏನೆಂಬ ಚರ್ಚೆ ಬಂತು. ನಾನು ಜಾಕ್ ಬೆಕರ್ ಅವರ 1960ರ ಫ್ರೆಂಚ್ ಚಿತ್ರ ‘ಲ ತ್ರೂ’ ಹೇಳಿದೆ. ನಿಜವಾಗಿ ನಡೆದ ಪ್ರಯತ್ನದ ಕಥೆ. ಅದರಲ್ಲಿ ಪಾಲುಗೊಂಡಿದ್ದ ಕೈದಿಯೊಬ್ಬರೇ ಬಂದು ನಟಿಸಿದ್ದಾರೆ, ಕೋಣೆಯ ಕಾಂಕ್ರೀಟ್ ನೆಲ ಒಡೆಯುವುದನ್ನು ನಿಮಿಷಗಟ್ಟಲೆ ಬಿಡದೆ ತೋರಿಸುತ್ತಾರೆ, ಎಂದೆ.

‘ಅದರಲ್ಲಾದರೂ ಫೈಟ್ ಇದೆಯಾ?’ ಎಂದ ಹುಡುಗ.

‘ನೆಲ ಒಡೀತಾರಂತಲ್ಲ, ಇನ್ನೇನು ಬೇಕು ನಿನಗೆ?’ ಎಂದರು ಡ್ರೈವರ್. ಕೊಡೆ ಬಿಚ್ಚಿ ಅವನನ್ನೂ ಅದರೊಳಗೆ ಕರೆದುಕೊಂಡು ಮಳೆಗೆ ಇಳಿದರು.