ತೊರೆದವನ ಕೈಯಿಂದ ಪಾಪಕ್ಷಮೆ: ಮೂರು ಕಾದಂಬರಿಗಳ ಕೊನೆಯ ಪುಟಗಳು

ಗುರುಜೀವನವನ್ನು ವಸ್ತುವಾಗಿಸಿಕೊಂಡ ಕಾದಂಬರಿಗಳಲ್ಲಿ ಮೂರು ನನ್ನನ್ನು ಬಹುಕಾಲದಿಂದ ಬಿಡದೆ ಹಿಂಬಾಲಿಸಿವೆ. ಫ್ರಾನ್ಸಿನ ಜಾರ್ಜ್ ಬೆರ್ನಾನೋಸ್ 1936ರಲ್ಲಿ ಪ್ರಕಟಿಸಿದ ‘ಹಳ್ಳಿಯ ಗುರುವೊಬ್ಬನ ದಿನಚರಿ’, ಇಂಗ್ಲೆಂಡಿನ ಗ್ರಹಾಂ ಗ್ರೀನನ ‘ದ ಪವರ್ ಅಂಡ್ ದ ಗ್ಲೋರಿ’ (1940), ಜಪಾನಿನ ಶುಸಾಕು ಎಂಡೊನ ‘ಮೌನ’ (1966). ಮೂವರೂ ಕಥೋಲಿಕರು, ಆದರೆ ಯಾರೂ ಗುರುಗಳಲ್ಲ. ಈ ಕೃತಿಗಳನ್ನು ಒಟ್ಟಿಗೆ ಚರ್ಚಿಸುವವರು ಧರ್ಮಹಿಂಸೆಯನ್ನೋ ದೇವರ ಮೌನವನ್ನೋ ಎತ್ತಿಕೊಳ್ಳುವುದು ವಾಡಿಕೆ. ಮೂರೂ ಕೃತಿಗಳು ತಮ್ಮ ಕೊನೆಯ ಪುಟಗಳಲ್ಲಿ ಒಂದೇ ಸನ್ನಿವೇಶಕ್ಕೆ ಬಂದು ನಿಲ್ಲುತ್ತವೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಒಬ್ಬನಿಗೆ ಪಾಪಕ್ಷಮೆ ಬೇಕಾಗಿದೆ. ಅದನ್ನು ನೀಡಲು ಹತ್ತಿರದಲ್ಲಿರುವವನು ತನ್ನ ಗುರುಸೇವೆಯನ್ನು ತೊರೆದವನು, ಅವನೊಬ್ಬನೇ.

ಬೆರ್ನಾನೋಸನ ಯುವ ಗುರುವಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಆಂಬ್ರಿಕೂರ್ ಎಂಬ ಹಳ್ಳಿಯ ಧರ್ಮಕೇಂದ್ರದಲ್ಲಿ ಅವನು ಕೈಹಾಕಿದ ಕೆಲಸಗಳೆಲ್ಲ ಕೈಕೊಡುತ್ತವೆ. ಹೊಟ್ಟೆನೋವಿನಿಂದಾಗಿ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿಯಲ್ಲದೆ ಹೆಚ್ಚೇನೂ ಒಳಗಿಳಿಯದು. ಊರು ಅವನನ್ನು ಕುಡುಕನೆನ್ನುತ್ತದೆ. ಎಳೆಯ ಮಗನ ಸಾವಿನಿಂದ ದೇವರ ಮೇಲೆ ಹಗೆ ಕಟ್ಟಿಕೊಂಡು ಬದುಕಿದ್ದ ಶ್ರೀಮಂತ ಮಹಿಳೆಯೊಬ್ಬಳು ಅವನ ಮಾತಿನಿಂದ ಕರಗುತ್ತಾಳೆ. ಆದರೆ ಅದೇ ರಾತ್ರಿ ಆಕೆ ತೀರಿಕೊಳ್ಳುವುದರಿಂದ ಆ ಒಂದು ಸಫಲತೆಯೂ ಅಪವಾದವಾಗಿ ಅವನ ಕೊರಳಿಗೆ ಬೀಳುತ್ತದೆ. ಲೀಲ್ ನಗರದ ವೈದ್ಯನಿಂದ ತನಗಿರುವುದು ಜಠರದ ಕ್ಯಾನ್ಸರ್ ಎಂದು ತಿಳಿದ ಮೇಲೆ ಅವನು ಹೋಗುವುದು ಗುರುಮಠದ ಸಹಪಾಠಿ ದುಫ್ರೆತಿಯ ಮನೆಗೆ. ದುಫ್ರೆತಿ ಗುರುಸೇವೆಯನ್ನು ಬಿಟ್ಟಿದ್ದಾನೆ. ಬಡ ಹೆಂಗಸೊಬ್ಬಳೊಡನೆ ಬಾಳುತ್ತಿದ್ದಾನೆ. ಆ ಹೆಂಗಸು ಅವನನ್ನು ಮದುವೆಯಾಗಲು ಒಪ್ಪಿಲ್ಲ. ಮುಂದೊಂದು ದಿನ ಅವನಿಗೆ ಹಿಂದಿರುಗಬೇಕೆನ್ನಿಸಿದರೆ ತಾನು ಅಡ್ಡಿಯಾಗಬಾರದು ಎಂಬುದು ಅವಳ ಎಣಿಕೆ. ಇಡೀ ಕಾದಂಬರಿಯಲ್ಲಿ ಗುರುದೀಕ್ಷೆಯನ್ನು ಅವಳಷ್ಟು ಗೌರವಿಸಿದ ಇನ್ನೊಂದು ಪಾತ್ರವನ್ನು ನಾನು ಕಾಣೆ.

ಆ ಮನೆಯಲ್ಲೇ ಯುವ ಗುರುವಿಗೆ ಮರಣ ಸಮೀಪಿಸುತ್ತದೆ. ಕರೆಕಳುಹಿಸಿದ ಗುರು ಇನ್ನೂ ಬಂದಿಲ್ಲ. ಸಾಯುತ್ತಿರುವವನು ಗೆಳೆಯನನ್ನೇ ಪಾಪಕ್ಷಮೆ ಬೇಡುತ್ತಾನೆ. ಗೆಳೆಯ ತನಗೆ ಅದು ಸಲ್ಲದೆಂದು ಹಿಂಜರಿದು, ಕೊನೆಗೆ ಕೊಡುತ್ತಾನೆ. ಗುರು ಬರುವುದು ತಡವಾಯಿತೆಂದು ಅವನು ನೊಂದುಕೊಂಡಾಗ, ಸಾಯುವವನು ಕೃಪೆಯ ಕುರಿತು ಆಡುವ ಕೊನೆಯ ನುಡಿ ಲಿಸಿಯೂವಿನ ಸಂತ ತೆರೇಸಳದು. ಬೆರ್ನಾನೋಸ್ ಇದನ್ನೆಲ್ಲ ದುಫ್ರೆತಿಯ ಪತ್ರವೊಂದರ ಮೂಲಕ, ಅವನ ಬಿಗಿದುಕೊಂಡ, ವ್ಯವಹಾರದ ಗದ್ಯದಲ್ಲಿ ಹೇಳಿಸುತ್ತಾನೆ. ಕಾದಂಬರಿಯ ಅತ್ಯುನ್ನತ ಘಟನೆಯನ್ನು ಅದರ ಅತಿ ಸಾಧಾರಣ ಬರಹಗಾರ ವರದಿ ಮಾಡುತ್ತಾನೆ. ಇದರಲ್ಲಿ ಲೇಖಕನ ತುಂಟತನವೂ ಇದೆ, ದೈವಶಾಸ್ತ್ರವೂ ಇದೆ.

ಇಲ್ಲಿ ಕಾನೂನಿನ ತೊಡಕಿಲ್ಲ. ಮರಣಾಪಾಯದಲ್ಲಿರುವವನಿಗೆ ಯಾವ ಗುರುವೂ, ಅಧಿಕಾರ ಕಳೆದುಕೊಂಡವನೂ ಸಹ, ಪಾಪಕ್ಷಮೆ ನೀಡಬಹುದೆಂದು 1983ರ ಧರ್ಮಸಭಾ ಕಾನೂನಿನ 976ನೆಯ ವಿಧಿ ಹೇಳುತ್ತದೆ. ಕಾದಂಬರಿ ಬಂದಾಗ ಜಾರಿಯಲ್ಲಿದ್ದ 1917ರ ಸಂಹಿತೆಯ 882ನೆಯ ವಿಧಿಯೂ ಇದನ್ನೇ ಹೇಳಿತ್ತು. ಪರೀಕ್ಷೆಗಾಗಿ ಕಂಠಪಾಠ ಮಾಡಿದ ವಿಧಿಯೊಂದು ಹರಿದ ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ನಿಂತಾಗ ಹೇಗೆ ಕಾಣುತ್ತದೆ ಎಂಬುದು ಈ ಪುಟಗಳಲ್ಲಿದೆ.

ಗ್ರೀನ್ ಇದೇ ಸನ್ನಿವೇಶವನ್ನು ತಿರುಗಿಸಿಡುತ್ತಾನೆ. ಮೆಕ್ಸಿಕೋದ ತಬಾಸ್ಕೊ ರಾಜ್ಯದಲ್ಲಿ ಧರ್ಮಸಭೆಯನ್ನು ಅಳಿಸಹೊರಟ ಕಾಲದ ಹಿನ್ನೆಲೆ. 1938ರಲ್ಲಿ ಲೇಖಕ ಆ ಪ್ರದೇಶವನ್ನು ಕಂಡುಬಂದಿದ್ದ. ಮದ್ಯವ್ಯಸನಿಯೂ ಒಂದು ಮಗುವಿನ ತಂದೆಯೂ ಆದ ಗುರು, ಸಾಯುತ್ತಿರುವ ಅಪರಾಧಿಯ ಪಾಪನಿವೇದನೆ ಕೇಳಲೆಂದು ಬಲೆಯೆಂದು ತಿಳಿದೂ ಮರಳಿಬಂದು ಸೆರೆಯಾಗುತ್ತಾನೆ. ಮರುದಿನ ಮರಣದಂಡನೆ. ಊರಲ್ಲಿ ಇನ್ನೊಬ್ಬ ಗುರುವಿದ್ದಾನೆ: ಸರ್ಕಾರದ ಒತ್ತಾಯಕ್ಕೆ ಮದುವೆಯಾಗಿ ಪಿಂಚಣಿ ಪಡೆಯುವ ಹೊಸೆ. ಆಶ್ಚರ್ಯವೆಂದರೆ, ನಿಯಮ ಮೀರಿ ಅವನನ್ನು ಕರೆಯಲು ಹೋಗುವವನು ಗುರುಗಳನ್ನು ಬೇಟೆಯಾಡುತ್ತಿದ್ದ ಪೊಲೀಸ್ ಅಧಿಕಾರಿಯೇ. ಹೊಸೆ ಬರುವುದಿಲ್ಲ. ಅಧಿಕಾರವಿತ್ತು, ದೀಕ್ಷಾಮುದ್ರೆಯಿತ್ತು, ಭಯವೂ ಹೆಂಡತಿಯ ತಡೆಯೂ ಗೆದ್ದವು. 1953ರಲ್ಲಿ ರೋಮಿನ ಪವಿತ್ರ ಕಚೇರಿ ಈ ಕೃತಿಯನ್ನು ಆಕ್ಷೇಪಿಸಿತು. ಆ ಆಕ್ಷೇಪದ ಬಿಸಿ ಈಗ ಆರಿದೆ. ಹೊಸೆಯ ಬಾಗಿಲ ದೃಶ್ಯದ ಬಿಸಿ ಆರಿಲ್ಲ.

ಎಂಡೊನ ಪೋರ್ಚುಗೀಸ್ ಗುರು ರೊಡ್ರಿಗಸ್ ಕ್ರಿಸ್ತಬಿಂಬವನ್ನು ತುಳಿದು ವಿಶ್ವಾಸತ್ಯಾಗಿಯೆನಿಸಿಕೊಂಡ ಮೇಲೆ, ಅವನನ್ನು ಹಿಡಿದುಕೊಟ್ಟ ಕಿಚಿಜಿರೊನೇ ರಾತ್ರಿ ಬಂದು ಪಾಪನಿವೇದನೆ ಕೇಳೆಂದು ಅಂಗಲಾಚುತ್ತಾನೆ. ರೊಡ್ರಿಗಸ್ ಕೇಳುತ್ತಾನೆ. ಹೃದಯ ಕಲಕುವ ದೃಶ್ಯ, ನಿಜ. ಕಿಚಿಜಿರೊ ಮರಣಾಪಾಯದಲ್ಲಿಲ್ಲವಲ್ಲ ಎಂದು ಕಾನೂನು ಬೋಧಕರು ಹುಬ್ಬೇರಿಸಿದರೆ ತಪ್ಪಲ್ಲ. ತನ್ನ ಸಹಗುರುಗಳು ಇದನ್ನು ಪವಿತ್ರದ್ರೋಹವೆನ್ನುವರೆಂದು ರೊಡ್ರಿಗಸನಿಗೂ ಗೊತ್ತು. ನನ್ನ ಅಸಮಾಧಾನ ಬೇರೆ. ಎಂಡೊನ ಗಮನವೆಲ್ಲ ಕೊಡುವವನ ಅಂತರಂಗದ ಮೇಲೆ. ಪಡೆಯುವವನು ಆ ಅಂತರಂಗದ ನಾಟಕಕ್ಕೆ ನಿಮಿತ್ತವಾಗಿ ಹೋಗುತ್ತಾನೆ. ಸಂಸ್ಕಾರವು ರೊಡ್ರಿಗಸ್ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನದೊಳಗೆ ಕರಗುತ್ತದೆ. ಬೆರ್ನಾನೋಸನಲ್ಲಿ ಹಾಗಾಗದು: ದುಫ್ರೆತಿಯ ಅಂತರಂಗ ನಮಗೆ ಬಹುಮಟ್ಟಿಗೆ ಮುಚ್ಚಿಯೇ ಇದೆ, ಅದು ತೆರೆಯಬೇಕಾದ ಅಗತ್ಯವೂ ಇಲ್ಲ.

ದೊನಾತಿಸ್ಟರ ವಿರುದ್ಧ ಸಂತ ಅಗಸ್ಟೀನರು ವಾದಿಸಿದ್ದು, 1551ರಲ್ಲಿ ಟ್ರೆಂಟ್ ಮಹಾಸಭೆ ತನ್ನ ಹದಿನಾಲ್ಕನೆಯ ಅಧಿವೇಶನದಲ್ಲಿ ಪಾಪನಿವೇದನೆಯ ಕುರಿತು ದೃಢಪಡಿಸಿದ್ದು ಈ ಸತ್ಯವನ್ನೇ: ಸಂಸ್ಕಾರದ ಫಲ ಗುರುವಿನ ಯೋಗ್ಯತೆಯನ್ನು ಅವಲಂಬಿಸಿಲ್ಲ. ನಾವು ತರಗತಿಯಲ್ಲಿ ‘ಎಕ್ಸ್ ಒಪೆರೆ ಒಪೆರಾತೊ’ ಎನ್ನುವ ಈ ಬೋಧನೆ ಯಾರ ಪರವಾಗಿದೆ ಎಂಬ ಪ್ರಶ್ನೆಯನ್ನು ಮಾತ್ರ ಬೇಗ ದಾಟಿಬಿಡುತ್ತೇವೆ. ಅದು ಪಾಪಿಯ ಭರವಸೆಗೆಂದು ಇರುವುದು, ಗುರುವಿನ ದುರ್ನಡತೆಗೆ ಹೊದಿಕೆಯಾಗಲೆಂದಲ್ಲ. ಗುರುಗಳಿಂದಲೇ ಗಾಯಗೊಂಡ ಜನರ ಮುಂದೆ ಆ ಪದಗುಚ್ಛವನ್ನು ರಕ್ಷಾಕವಚವಾಗಿ ಹಿಡಿಯುವುದು ಬೋಧನೆಯ ಅಪಮಾನ. ಕುಡುಕ ಗುರು ತನ್ನ ಬಗ್ಗೆ ಯಾವ ರಿಯಾಯಿತಿಯನ್ನೂ ಕೇಳುವುದಿಲ್ಲ. ಅವನು ಕೇಳಿದ್ದು ಒಬ್ಬ ಗುರುವನ್ನು.

ನಮ್ಮ ಗುರುಮಠಗಳಲ್ಲಿ ಸಂತರ ಚರಿತ್ರೆಗಳಿಗೆ ಕೊರತೆಯಿಲ್ಲ. 1681ರಲ್ಲಿ ಕೆನರಾಕ್ಕೆ ಬಂದು, 1687ರಲ್ಲಿ ಡಚ್ಚರ ಕಣ್ಣುತಪ್ಪಿಸಿ ಸಿಲೋನಿನ ಕಥೋಲಿಕರ ಬಳಿ ಸೇರಿದ ಸಂತ ಜೋಸೆಫ್ ವಾಜ್ ಅವರನ್ನು ಕರಾವಳಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ, ಬಲ್ಲದ್ದು ಒಳ್ಳೆಯದೇ. ಆದರೆ ಜೊತೆಯಲ್ಲಿ ದೀಕ್ಷೆ ಪಡೆದು ಅನಂತರ ಸೇವೆಯನ್ನು ತೊರೆದವರ ಹೆಸರುಗಳು ಗುರುಗಳ ಕೂಟದಲ್ಲಿ ಬಂದಾಗ ಮಾತು ಎಷ್ಟು ಬೇಗ ಹವಾಮಾನಕ್ಕೆ ಹೊರಳುತ್ತದೆ! ಅವರ ಮನೆಯ ವಿಳಾಸ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆಂಬ್ರಿಕೂರಿನ ಗುರುವಿಗೆ ಗೊತ್ತಿತ್ತು.

ಮೂರರಲ್ಲಿ ಒಂದನ್ನೇ ಓದಲು ಸಮಯವಿದ್ದವರು ಬೆರ್ನಾನೋಸನನ್ನು ಎತ್ತಿಕೊಳ್ಳಲಿ. ತೋರ್ಸಿಯ ಹಿರಿಯ ಗುರುವಿನ ಭಾಷಣಗಳು ದೀರ್ಘ, ಕೆಲವೆಡೆ ಬೇಸರ ತರಿಸುವಷ್ಟು; ಅಲ್ಲಿ ಒಂದೆರಡು ಪುಟ ಹಾರಿಸಿದರೂ ನಷ್ಟವಿಲ್ಲ. ದುಫ್ರೆತಿಯ ಪತ್ರದಲ್ಲಿ ಮಾತ್ರ ಒಂದು ಸಾಲನ್ನೂ ಬಿಡಬಾರದು.