ಖಡಿ ಹೊರುವ ಹೆಣ್ಣು ಮತ್ತು ನಮ್ಮ ವಿಮರ್ಶೆ

ಬಿ.ಎ. ತರಗತಿಗೆ ದೇವನೂರ ಮಹಾದೇವ ಅವರ 'ಡಾಂಬರು ಬಂದುದು' ಕತೆಯನ್ನು ಪಾಠ ಮಾಡುತ್ತಿದ್ದೆ. 1973ರ 'ದ್ಯಾವನೂರು' ಸಂಕಲನದ ಈ ಕತೆಯ ಬಗ್ಗೆ ನಮ್ಮಲ್ಲಿ ಮಾತುಗಳು ಸಿದ್ಧವಾಗಿಯೇ ಇವೆ. ಹಳ್ಳಿಗೆ ಡಾಂಬರು ರಸ್ತೆ ಬರುವುದೆಂದರೆ ಆಧುನಿಕತೆ ಬರುವುದು, ಸರಕಾರ ಬರುವುದು, ಅದರ ಬೆನ್ನಿಗೇ ಹೊಸ ಆಸೆ ಮತ್ತು ಹೊಸ ಮೋಸ ಬರುವುದು. ಇದನ್ನೆಲ್ಲ ನಾನೂ ಬೋರ್ಡಿನ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ಡಾಂಬರ ಬಂತು ಖರೆ. ಹೊತ್ತವ್ರು ಯಾರ್ರಿ?" ಎಂದಳು. ಕ್ಲಾಸು ನಕ್ಕಿತು. ನಾನೂ ನಕ್ಕೆ. "ಅದು ಇಲ್ಲಿ ಮುಖ್ಯ ಅಲ್ಲವಾ, ಕೂತ್ಕೊ" ಎಂದೆ.

ಆ ಉತ್ತರ ತಪ್ಪು. ನನ್ನ ಬಾಯಿಂದ ಬಂದದ್ದಂತೂ ಇನ್ನೂ ದೊಡ್ಡ ತಪ್ಪು. ಯಾಕೆಂದರೆ ನನ್ನ ಅವ್ವ ಹನ್ನೊಂದು ವರ್ಷ ರಸ್ತೆ ಗ್ಯಾಂಗಿನಲ್ಲಿ ಖಡಿ ಹೊತ್ತವಳು. ಎಂ.ಎ. ಪ್ರವೇಶದ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬ ಗೆರೆಯ ಮುಂದೆ ನಾನು ಬರೆದದ್ದು 'ಮನೆಗೆಲಸ'. ಅಪ್ಪನ ಹಲಗೆಯ ಮೇಲೆ ಮೂರು ಪದ್ಯ ಬರೆದಿದ್ದೇನೆ, ಅವು ಅಚ್ಚಾಗಿವೆ. ಅವ್ವನ ಸಿಂಬಿಯ ಮೇಲೆ ಒಂದೂ ಇಲ್ಲ. ಹಲಗೆ ನಮಗೆ ದಲಿತ ಸಂವೇದನೆಯ ಪ್ರತಿಮೆಯಾಗಿ ಒದಗಿತು, ಸಿಂಬಿ ಒದಗಲಿಲ್ಲ. ಇದು ನನ್ನೊಬ್ಬನ ಮರೆವು ಆಗಿದ್ದರೆ ಇಲ್ಲಿ ಬರೆಯಬೇಕಾದ ಅಗತ್ಯವಿರಲಿಲ್ಲ. ನಮ್ಮ ವಿಮರ್ಶೆಗೇ ಈ ಮರೆವಿದೆ ಎಂಬುದು ನನ್ನ ಅನುಮಾನ.

ರಸ್ತೆ ದಲಿತ ಚಿಂತನೆಗೆ ಹೊಸ ವಸ್ತುವೇನಲ್ಲ. ಪೇಶ್ವೆಯರ ಕಾಲದಲ್ಲಿ ಸವರ್ಣೀಯನೊಬ್ಬ ಎದುರು ಬರುತ್ತಿದ್ದರೆ ಅಸ್ಪೃಶ್ಯ ಆ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಪುಣೆಯಲ್ಲಿ ತನ್ನ ಹೆಜ್ಜೆಯ ಧೂಳನ್ನು ತಾನೇ ಗುಡಿಸುತ್ತ ಹೋಗಲು ಸೊಂಟಕ್ಕೆ ಕಸಬರಿಗೆ ಕಟ್ಟಿಕೊಳ್ಳಬೇಕಿತ್ತು ಎಂಬುದನ್ನು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ನೆನಪಿಸಿದ್ದಾರೆ. 1924-25ರ ವೈಕಂ ಸತ್ಯಾಗ್ರಹ ನಡೆದದ್ದೇ ಗುಡಿಯ ಸುತ್ತಲಿನ ರಸ್ತೆಗಾಗಿ. ಹೀಗಾಗಿ ನಡೆಯುವ ಹಕ್ಕು ನಮ್ಮ ಮೊದಲ ಪ್ರಶ್ನೆಯಾದದ್ದು ಸಹಜ. ಆದರೆ ಅದು ನಡೆಯುವವನ ಪ್ರಶ್ನೆ. ರಸ್ತೆಯನ್ನು ಹಾಸಿದವಳ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ.

ಆ ಹುಡುಗಿ ಕೇಳಿದ ಮೇಲೆ ನಾನು ಬಂಗೂರನಗರದಿಂದ ಹಳಿಯಾಳದ ಕಡೆ ರಸ್ತೆ ಕೆಲಸ ನಡೆದಲ್ಲಿ ನಾಲ್ಕಾರು ಸಂಜೆ ಹೋಗಿ ಕೂತೆ. ಟಿಪ್ಪರ್ ಬರುತ್ತದೆ. ಸ್ಟಿಯರಿಂಗ್ ಹಿಡಿದವನು ಗಂಡು, ಪಕ್ಕದ ಕ್ಲೀನರ್ ಗಂಡು, ಹಿಂದೆ ತುಂಬಿದ ಮಾಲಿನ ಮೇಲೆ ಐದಾರು ಹೆಂಗಸರು, ಒಬ್ಬಳ ಮಡಿಲಲ್ಲಿ ಕೂಸು. ಗಾಡಿಯ ಹಿಂಬದಿಗೆ 'ತಾಯಿಯ ಆಶೀರ್ವಾದ' ಎಂದು ಬರೆದಿದೆ. ಲಾರಿ ಕೆಲಸ ಎಂದಾಗ ನಾವು ಡ್ರೈವರ್, ಕ್ಲೀನರ್, ಹಮಾಲ ಎನ್ನುತ್ತೇವೆ. ತುಂಬುವ, ಇಳಿಸುವ, ಮಾಲಿನ ಮೇಲೆಯೇ ಕೂತು ಊರಿಂದ ಊರಿಗೆ ಹೋಗುವ ಹೆಂಗಸಿನ ಕೆಲಸಕ್ಕೆ ಆ ಪಟ್ಟಿಯಲ್ಲಿ ಹೆಸರಿಲ್ಲ. ರೋಲರ್, ಪೇವರ್ ಬಂದಂತೆ ಅವುಗಳ ಮೇಲೆ ಹತ್ತಿದವರು ಗಂಡಸರು. ಹೆಂಗಸರಿಗೆ ಉಳಿದದ್ದು ಪುಟ್ಟಿ, ಮತ್ತೆ ಡಾಂಬರು ಹೊಡೆಯುವ ಮೊದಲು ಹಳೆಯ ರಸ್ತೆಯ ಧೂಳು ತೆಗೆಯುವ ಕಸಬರಿಗೆ. ಪೇಶ್ವೆಯರ ಕಸಬರಿಗೆಯನ್ನು ನಾವು ಭಾಷಣದಲ್ಲಿ ಹೇಳುತ್ತೇವಲ್ಲ, ಹೆದ್ದಾರಿಯ ಮೇಲೆ ಅದು ಈಗಲೂ ಇದೆ. ಸೊಂಟದಿಂದ ಕೈಗೆ ಬಂದಿದೆ.

ತಾಡಪತ್ರಿಯ ಜೋಪಡಿಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವಿಜಯಪುರ ಕಡೆಯ ತಾಂಡಾದ ಹೆಣ್ಣುಮಗಳೊಬ್ಬಳನ್ನು ಪಗಾರದ ಬಗ್ಗೆ ಕೇಳಿದೆ. "ಹಾಜರಿ ಗಂಡನ ಹೆಸರಿಗೇ ಬೀಳತೈತ್ರಿ ತಮ್ಮಾ. ಜೋಡಿಗೆ ಒಂದ ಹೆಸರು. ಮುಂಗಡಾನೂ ಅವರ ಕೈಯಾಗ" ಎಂದಳು. ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರಿನಲ್ಲಿ ಕೂತು ಈ ಮಾತು ಕೇಳಿದೆ. 1955ರಲ್ಲಿ ಕಂಪನಿ ಸ್ಥಾಪನೆಯಾಗಿ, ಕಾಡಿನ ಬಿದಿರು ಲಾರಿ ಹತ್ತಿ ಬಂದು ಕಾಗದವಾದ ಊರು ಇದು. ಈ ಹೆಣ್ಣು ಮಾತ್ರ ಯಾವ ಕಾಗದದ ಮೇಲೂ ಬಂದಿಲ್ಲ.

ಕಾನೂನು ಇಲ್ಲವೆ? ಇದೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡಿಗೆ ಒಂದೇ ಕೂಲಿ ಎಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆ ಅದನ್ನೇ ಮತ್ತೆ ಹೇಳಿತು. ಆದರೆ ಜೋಡಿಗೆ ಒಂದೇ ಹೆಸರು ಇದ್ದ ಮೇಲೆ ಯಾರ ಕೂಲಿಯನ್ನು ಯಾರದರ ಜೊತೆ ತೂಗುವುದು? ಕಟ್ಟಡ ಕಾರ್ಮಿಕರ 1996ರ ಕಾಯ್ದೆ ರಸ್ತೆ ಕೆಲಸವನ್ನೂ ಒಳಗೊಂಡಿತ್ತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತು. ಇಪ್ಪತ್ತು ಜನರ ಗ್ಯಾಂಗು ಐವತ್ತು ಮುಟ್ಟುವುದೇ ಇಲ್ಲ. ಕೂಸು ಖಡಿ ರಾಶಿಯ ನೆರಳಲ್ಲೇ ಮಲಗುತ್ತದೆ. ಕಲ್ಯಾಣ ಮಂಡಳಿಯ ನೋಂದಣಿಗೆ ವರ್ಷದಲ್ಲಿ 90 ದಿನ ದುಡಿದದ್ದು ರುಜುವಾತಾಗಬೇಕು. ಹಾಜರಿಯಲ್ಲೇ ಇಲ್ಲದವಳು ಏನನ್ನು ತೋರಿಸಬೇಕು?

ಇನ್ನು ಇತಿಹಾಸದ ಮಾತು. ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ದೇಶದುದ್ದ ಸಾಗಿಸಿದವರು. ದಂಡುಗಳಿಗೆ ಕಾಳು ಮುಟ್ಟಿಸಿದವರು. ಆ ಸಾಗಾಟದಲ್ಲಿ ಹೆಣ್ಣು ಗಂಡು ಕೂಡಿಯೇ ನಡೆದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ರಸ್ತೆ ಮತ್ತು ರೈಲು ಬಂದು ಆ ಕಸುಬು ಮುರಿಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳ ಹಣೆಗೆ ಕಳ್ಳರೆಂಬ ಪಟ್ಟಿ ಅಂಟಿಸಿತು. ಯಾವ ರಸ್ತೆ ಅನ್ನ ಕಿತ್ತುಕೊಂಡಿತೋ ಅದೇ ರಸ್ತೆಗೆ ಕಲ್ಲು ಹೊರುವುದು ಮೊಮ್ಮಕ್ಕಳ ಅನ್ನವಾಯಿತು. ನಮ್ಮ ಜಾನಪದ ವಿದ್ವಾಂಸರು ಲಂಬಾಣಿ ಹೆಣ್ಣಿನ ಕನ್ನಡಿ ಕಸೂತಿ ನೋಡಿದರು, ಹಾಡು ಬರೆದುಕೊಂಡರು. ಆ ಕಸೂತಿಯ ರವಿಕೆಯ ಮೇಲೆ ಹಾರುವ ಡಾಂಬರನ್ನು ಕಂಡವರು ಕಡಿಮೆ. ವಡ್ಡರ ಮಾತೂ ಇಷ್ಟೇ. ಕೆರೆ ಕಟ್ಟಿಸಿದ ಸೊನ್ನಲಿಗೆಯ ಸಿದ್ಧರಾಮನನ್ನು ಗುರು ಎನ್ನುವ ಸಮುದಾಯ ಅದು. ನಾವು ಕಾಯಕ ತತ್ವದ ಮೇಲೆ ಸೆಮಿನಾರು ಮಾಡಿದೆವು. ಕಲ್ಲು ಒಡೆಯುವ ವಡ್ಡರ ಹೆಣ್ಣಿನ ಕಾಯಕಕ್ಕೆ ಏನು ಕೂಲಿ ಎಂದು ಆ ಸೆಮಿನಾರಿನಲ್ಲಿ ಕೇಳಲಿಲ್ಲ.

ಈಗ ನಮ್ಮ ಓದಿಗೇ ಬರೋಣ. ಸಿದ್ಧಲಿಂಗಯ್ಯನವರ 'ನನ್ನ ಜನಗಳು' ಪದ್ಯದ ಸಾಲುಸಾಲು ಜನರಲ್ಲಿ ಕಲ್ಲು ಹೊತ್ತವರೂ ಇದ್ದಾರೆ. ಕನ್ನಡದ ಬಹುವಚನಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ. 'ಹೊತ್ತವರು' ಎಂದರೆ ಅವಳೂ ಅವನೂ. ಕವಿ ಬಾಗಿಲು ತೆರೆದೇ ಇಟ್ಟಿದ್ದಾರೆ. ಆದರೆ ಮೆರವಣಿಗೆಯಲ್ಲಿ ನಾವು ಆ ಪದ್ಯ ಹಾಡಿದಾಗ, ಆಮೇಲೆ ವಿಮರ್ಶೆ ಬರೆದಾಗ, ಕಣ್ಣ ಮುಂದೆ ಬಂದದ್ದು ಗಂಡಾಳಿನ ರಟ್ಟೆ. ಮುಕಾದಮ ಜೋಡಿಗೆ ಒಂದು ಹೆಸರು ಬರೆದ ಹಾಗೆ ನಾವೂ ಬಹುವಚನಕ್ಕೆ ಒಂದೇ ಹೆಸರು ಬರೆದುಕೊಂಡೆವು. ಕಾರಂತರ 'ಚೋಮನ ದುಡಿ'ಯನ್ನು ನೋಡಿ. ಭೂಮಿಯ ಪ್ರಶ್ನೆ ಚೋಮನದು, ದುಡಿ ಚೋಮನದು. ಸಾಲ ತೀರಿಸಲು ತೋಟಕ್ಕೆ ಹೋದ ಬೆಳ್ಳಿ ಮಾತ್ರ ನಮ್ಮ ಚರ್ಚೆಯಲ್ಲಿ ಶೀಲದ ಪ್ರಶ್ನೆಯಾಗಿ ಉಳಿದಳು. ಬೆಳ್ಳಿ ಕೂಲಿಯಾಳು, ಅವಳ ದುಡಿಮೆಗೂ ಒಂದು ಲೆಕ್ಕವಿದೆ ಎಂದು ಓದಿದವರು ಎಷ್ಟು ಜನ?

ಗೆಳೆಯರು ಕೇಳಬಹುದು: ಇದು ಚಳವಳಿಯನ್ನು ಒಡೆಯುವ ಮಾತಲ್ಲವೆ? ಹೆಣ್ಣಿನ ಪ್ರಶ್ನೆ ಬೇರೆ, ಜಾತಿಯ ಪ್ರಶ್ನೆ ಬೇರೆ ಅಲ್ಲವೆ? ನನಗೆ ಹಾಗನ್ನಿಸುವುದಿಲ್ಲ. ಯಾವ ಕೆಲಸ ಯಾರ ತಲೆಯ ಮೇಲೆ ಬರಬೇಕು ಎಂದು ಜಾತಿ ತೀರ್ಮಾನಿಸುತ್ತದೆ. ಅದರ ಕೂಲಿ ಯಾರ ಕೈಗೆ ಹೋಗಬೇಕು ಎಂದು ಗಂಡಾಳಿಕೆ ತೀರ್ಮಾನಿಸುತ್ತದೆ. ಖಡಿ ಹೊತ್ತವಳಿಗೆ ಇವೆರಡೂ ಒಂದೇ ದಿನದ, ಒಂದೇ ಪುಟ್ಟಿಯ ಭಾರ. ಒಂದನ್ನು ಇಳಿಸಿ ಇನ್ನೊಂದನ್ನು ಆಮೇಲೆ ನೋಡೋಣ ಎಂದು ಅವಳಿಗೆ ಹೇಳುವುದು ಸುಲಭ, ಯಾಕೆಂದರೆ ಹೊತ್ತವರು ನಾವಲ್ಲ.

ಇನ್ನೊಂದು ಅಪಾಯವೂ ಇದೆ. ನಾಳೆಯಿಂದ ನಾವೆಲ್ಲ ಸಿಂಬಿಯ ಮೇಲೆ ಪದ್ಯ ಬರೆಯಲು ಕೂತರೆ ಅವಳು ಇನ್ನೊಂದು ರೂಪಕವಾಗಿಬಿಡುತ್ತಾಳೆ, ಬೆವರಿನ ಸೌಂದರ್ಯ ಎಂದು ವ್ಯಾಖ್ಯಾನವೂ ಬರುತ್ತದೆ. ಈ ಲೇಖನ ಬರೆಯುತ್ತಿದ್ದೇನೆಂದು ಅವ್ವನಿಗೆ ಹೇಳಿದಾಗ ಅವಳು, "ಬರಿ. ಆದರ ಚಂದ ಇತ್ತಂತ ಮಾತ್ರ ಬರೀಬ್ಯಾಡ. ಕುತ್ತಿಗಿ ಇನ್ನೂ ನೋಯ್ತೈತಿ" ಎಂದಳು. ದಲಿತ ಸೌಂದರ್ಯ ಮೀಮಾಂಸೆ ಕಟ್ಟುವವರು ಈ ಮಾತಿಗೂ ಉತ್ತರ ಕೊಡಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಓದುವಾಗ ಕೇಳುವುದು: ಈ ಕೃತಿಯಲ್ಲಿ ದುಡಿದವರು ಯಾರು, ಅವರ ಹೆಸರು ಬಂದಿದೆಯೆ, ಕೂಲಿ ಯಾರ ಕೈಗೆ ಹೋಯಿತು? ಎರಡನೆಯದಾಗಿ, ಸಂಘಟನೆಯ ಗೆಳೆಯರು ರಸ್ತೆ ಗ್ಯಾಂಗುಗಳಿಗೆ ಹೋಗಿ ಹೆಂಗಸಿನ ಹೆಸರಿಗೇ ಬೇರೆ ಹಾಜರಿ ಬೀಳುವಂತೆ ಒತ್ತಾಯಿಸುವುದು. ಇದು ವಿಮರ್ಶೆಯ ಕೆಲಸ ಅಲ್ಲ ಎನ್ನುವವರು ಎನ್ನಲಿ.

ಮರುವಾರ ನಾನು ಅದೇ ಕ್ಲಾಸಿಗೆ ಹೋಗಿ, ಆ ಹುಡುಗಿಯ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಉತ್ತರ ಬರೆದುಕೊಂಡು ಬನ್ನಿ ಎಂದೆ. ಕೆಲವು ಹುಡುಗರು ಒಂದು ಪುಟ ಬರೆದು ತಂದರು. ಒಬ್ಬ ತನ್ನ ಚಿಕ್ಕವ್ವನ ಹೆಸರು ಬರೆದಿದ್ದ. ಆ ಹುಡುಗಿ ತನ್ನ ಅವ್ವನ ಹೆಸರು, ಅವಳು ಕೆಲಸ ಮಾಡಿದ ಐದು ರಸ್ತೆಗಳ ಹೆಸರು ಬರೆದು ತಂದಿದ್ದಳು.