ಕ್ಯಾಂಪಿನೊಳಗಿನ ಕಛೇರಿ

ನಿರಾಶ್ರಿತರ ಕ್ಯಾಂಪಿನಲ್ಲಿ ಕಾಯುವುದೇ ದೊಡ್ಡ ಕೆಲಸ. ರೇಷನ್ನಿಗೆ ಕಾಯಬೇಕು, ನೀರಿಗೆ ಕಾಯಬೇಕು, ಊರಲ್ಲಿ ಗುಂಡಿನ ಸದ್ದು ನಿಂತಿತೆಂಬ ಸುದ್ದಿಗೆ ಕಾಯಬೇಕು. ಜಾಕ್ ನೈಲ್ಸ್ ಮತ್ತು ಬ್ಯಾಂಕರ್ ವೈಟ್ ನಿರ್ದೇಶಿಸಿದ ‘ಸಿಯೆರಾ ಲಿಯೋನ್ಸ್ ರೆಫ್ಯೂಜಿ ಆಲ್ ಸ್ಟಾರ್ಸ್’ (2005) ಸಾಕ್ಷ್ಯಚಿತ್ರ ಈ ಕಾಯುವಿಕೆಯ ನಡುವೆ ಹುಟ್ಟಿದ ಒಂದು ವಾದ್ಯವೃಂದದ ಕಥೆ. ಸಂಗೀತ ಗಾಯ ಮಾಯಿಸಿತು ಎಂದೇ ಇದನ್ನು ಹೊಗಳಿದವರು ಬಹಳ. ನನಗೆ ಚಿತ್ರ ಹಿಡಿಸಿದ್ದು ಬೇರೆ ಕಾರಣಕ್ಕೆ.

1991ರಿಂದ 2002ರವರೆಗೆ ಸಿಯೆರಾ ಲಿಯೋನ್ ಅಂತರ್ಯುದ್ಧದಲ್ಲಿ ಬೆಂದಿತು. ಬಂಡುಕೋರರು ಜನಸಾಮಾನ್ಯರ ಕೈಗಳನ್ನೇ ಕತ್ತರಿಸಿದರು. ಪಕ್ಕದ ಗಿನಿಗೆ ಓಡಿದ ಲಕ್ಷಾಂತರ ಜನರಲ್ಲಿ ಫ್ರೀಟೌನ್‌ನ ಗಾಯಕ ರೂಬೆನ್ ಕೊರೋಮಾ ಮತ್ತು ಅವರ ಹೆಂಡತಿ ಗ್ರೇಸ್ ಕೂಡ ಇದ್ದರು. ಅಲ್ಲಿನ ಕಾಲಿಯಾ ಕ್ಯಾಂಪಿನಲ್ಲಿ ಗಿಟಾರ್ ವಾದಕ ಫ್ರಾಂಕೊ ಸಿಕ್ಕಿದರು. 2000ದಲ್ಲಿ ಗಿನಿಯ ಅಧ್ಯಕ್ಷರೇ ರೇಡಿಯೊದಲ್ಲಿ ನಿರಾಶ್ರಿತರ ವಿರುದ್ಧ ಮಾತಾಡಿದ ಮೇಲೆ ಆಶ್ರಯ ಕೊಟ್ಟ ನೆಲದಲ್ಲೂ ಹೊಡೆತ ಬಿತ್ತು. ಮತ್ತೆ ಗಂಟುಮೂಟೆ ಕಟ್ಟಿ ಒಳನಾಡಿನ ಸೆಂಬಕೂನ್ಯಾ ಕ್ಯಾಂಪಿಗೆ. ಕೆನಡಾದ ಪರಿಹಾರ ಸಂಸ್ಥೆಯೊಂದು ಕೊಟ್ಟದ್ದು ತುಕ್ಕು ಹಿಡಿದ ಎರಡು ಎಲೆಕ್ಟ್ರಿಕ್ ಗಿಟಾರು, ಒಂದೇ ಒಂದು ಮೈಕು, ಹೇಗೋ ಕೂಗುವ ಸೌಂಡ್ ಸಿಸ್ಟಂ. ಅಷ್ಟನ್ನೇ ಇಟ್ಟುಕೊಂಡು ತಂಡ ಕ್ಯಾಂಪಿನಿಂದ ಕ್ಯಾಂಪಿಗೆ ಕಛೇರಿ ಕೊಡಲು ಹೊರಟಿತು.

ಚಿತ್ರದ ಜೀವ ಇಲ್ಲಿದೆ. ರೇಷನ್ ಕಾರ್ಡಿನ ನಂಬರಾಗಿದ್ದವನು ಮತ್ತೆ ಕೊರೋಮಾ ಆಗುತ್ತಾನೆ, ಗಾಯಕನಾಗುತ್ತಾನೆ. ಹಾಡು ಕಟ್ಟಬೇಕು, ತಾಲೀಮು ಮಾಡಬೇಕು, ಎದುರು ನಿಂತ ಜನರನ್ನು ಕುಣಿಸಬೇಕು. ಕಳೆದುಹೋದ ಕಸುಬು ವಾಪಸು ಬಂದಿತು. ಇದನ್ನು ಚಿಕಿತ್ಸೆ ಎನ್ನುವುದಾದರೆ ಅನ್ನಿ, ನನ್ನ ತಕರಾರಿಲ್ಲ.

ತಕರಾರಿರುವುದು ದೃಶ್ಯಗಳ ಜೋಡಣೆಯ ಬಗ್ಗೆ. ತಂಡದ ಮೊಹಮ್ಮದ್ ಬಂಗೂರಾ ತಮ್ಮ ಕಣ್ಣೆದುರೇ ತಂದೆ, ತಾಯಿ, ಹೆಂಡತಿಯ ಕೊಲೆ ನೋಡಿದವರು. ಬಂಡುಕೋರರು ಅವರ ಕೈಯನ್ನೂ ಕಡಿದರು. ಅವರು ಅದನ್ನು ಹೇಳುವಾಗ ನೋಡುವವರಿಗೆ ಉಸಿರು ಕಟ್ಟುತ್ತದೆ. ಆದರೆ ನೋವಿನ ಮಾತು, ಅದರ ಬೆನ್ನಿಗೆ ಹಾಡು ಎಂಬ ಲಯಕ್ಕೆ ಚಿತ್ರ ಒಗ್ಗಿಹೋಗಿದೆ. ಹಾಡು ಬಂದೊಡನೆ ನಮಗೆ ಹಾಯೆನಿಸುತ್ತದೆ. ಬಂಗೂರಾ ಅವರಿಗೂ ಹಾಗೇ ಅನಿಸಿತೆಂದು ನಾವೇ ತೀರ್ಮಾನಿಸಿಬಿಡುತ್ತೇವೆ. ಊರಿಗೆ ಮರಳುವ ಮಾತು ಬಂದಾಗ ಕ್ಯಾಂಪಿನ ಜನರ ಮುಖದ ಮೇಲೆ ಕಾಣುವ ಭಯವೇ ಈ ತೀರ್ಮಾನಕ್ಕೆ ಉತ್ತರ. ವರ್ಷಗಟ್ಟಲೆ ಹಾಡಿದರೂ ಆ ಭಯ ಅಲ್ಲೇ ಇದೆ. ಅದನ್ನು ಮುಚ್ಚಿಡದಿರುವುದು ನಿರ್ದೇಶಕರ ದೊಡ್ಡತನವೇ ಸರಿ.

2006ರ ‘ಲಿವಿಂಗ್ ಲೈಕ್ ಎ ರೆಫ್ಯೂಜಿ’ ಆಲ್ಬಂ ಚಿತ್ರಕ್ಕಿಂತ ಗಟ್ಟಿ. ಇದರಲ್ಲಿ ಫ್ರೀಟೌನ್ ಸ್ಟುಡಿಯೊದ ಹಾಡುಗಳ ಜೊತೆಗೆ ಕ್ಯಾಂಪಿನಲ್ಲೇ ಮುದ್ರಿಸಿದವೂ ಇವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ನನ್ನ ಓಟು ಕ್ಯಾಂಪಿಗೆ. ಸ್ಟುಡಿಯೊದಲ್ಲಿ ರೆಗ್ಗೆಯ ತಾಳ ನೀಟಾಗಿ ಕೂರುತ್ತದೆ, ಹಾಡಿನೊಳಗಿನ ದೂರು ಅದರಡಿ ಹೂತುಹೋಗುತ್ತದೆ. ಬಯಲಿನಲ್ಲಿ ಹಾಡಿದಾಗ ದನಿಯ ಒರಟು ಹಾಗೇ ಉಳಿದಿದೆ. ಈ ಹಾಡುಗಳು ಸಾಂತ್ವನ ಹೇಳುವುದೂ ಕಡಿಮೆ. ನೆಲೆಯಿಲ್ಲದ ಅಲೆದಾಟ, ಹೊಟ್ಟೆಯ ಪಾಡು, ಬಂದೂಕು ಹಿಡಿದವರ ಮೇಲಿನ ಸಿಟ್ಟು, ಎಲ್ಲವನ್ನೂ ಸರ್ಕಾರಕ್ಕೆ ಅರ್ಜಿ ಬರೆದಷ್ಟು ನೇರವಾಗಿ ಮುಂದಿಡುತ್ತವೆ. ಆನೆಗಳ ಕಾದಾಟಕ್ಕೆ ಹುಲ್ಲು ಬಲಿಯಾಗುವ ಆಫ್ರಿಕಾದ ಗಾದೆಯೂ ಒಂದು ಹಾಡಿನಲ್ಲಿ ಬರುತ್ತದೆ. ಕೋಣಗಳ ಜಗಳದಲ್ಲಿ ಗಿಡ ಸತ್ತ ನಮ್ಮ ಗಾದೆ ಬಲ್ಲವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ತಂಡ ಜಗತ್ತು ಸುತ್ತಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಮುದ್ರಿಸಿದ ‘ರೈಸ್ ಅಂಡ್ ಶೈನ್’ (2010), ಬ್ರೂಕ್ಲಿನ್‌ನಲ್ಲಿ ಮಾಡಿದ ‘ರೇಡಿಯೊ ಸಲೋನ್’ (2012) ಬಂದವು. ಕೈ ಪಳಗಿದೆ, ವಾದ್ಯಗಳು ಹೊಸವು, ಕುಣಿತಕ್ಕೆ ಮೋಸವಿಲ್ಲ. ಯುದ್ಧ ಮುಗಿದು ವರ್ಷಗಳೇ ಆಗಿದ್ದರೂ ಪೋಸ್ಟರಿನ ಮೇಲೆ ‘ರೆಫ್ಯೂಜಿ’ ಮಾತ್ರ ಅಳಿಯಲಿಲ್ಲ. ಟಿಕೆಟ್ ಓಡುವುದೇ ಆ ಹೆಸರಿನ ಮೇಲೆ. ಪಾಶ್ಚಾತ್ಯ ಪತ್ರಿಕೆಗಳು ಪ್ರತಿ ಆಲ್ಬಂ ಬಂದಾಗಲೂ ಕ್ಯಾಂಪಿನ ಕಥೆಯಿಂದಲೇ ಶುರು ಮಾಡಿದವು, ತಾಳ-ರಾಗದ ಮಾತು ಕೊನೆಗೆ ಎರಡು ಸಾಲು. ನಾನೂ ಇಲ್ಲಿ ಮಾಡಿರುವುದು ಹೆಚ್ಚುಕಡಿಮೆ ಅದನ್ನೇ. ‘ರೇಡಿಯೊ ಸಲೋನ್’ ಮೊದಲ ಆಲ್ಬಂನಷ್ಟು ನನ್ನನ್ನು ಕಾಡಲಿಲ್ಲ, ನಿಜ. ಆದರೆ ಕ್ಯಾಂಪಿನ ಹಂಗಿಲ್ಲದೆ, ಬರೀ ಒಂದು ಒಳ್ಳೆಯ ಪಶ್ಚಿಮ ಆಫ್ರಿಕನ್ ಬ್ಯಾಂಡಿನ ಕೆಲಸವೆಂದು ಕೇಳಲು ಆಗುವುದು ಅದನ್ನೇ.